ಕರಿ ನಾಲ್ಕರ ಹಾಡು

ಗುಂಜಿ
೧೮ ಆಗಸ್ಟ್ ೨೦೨೪

ಕಲಂದರ ಮಾಸ್ತರಿಗೆ ಸಂಗವ್ವನ ಶರಣು.

ನೀವು ಹೇಗಿದ್ದೀರಿ ಎಂದು ಆಮೇಲೆ ಕೇಳುತ್ತೇನೆ, ಮೊದಲು ನನ್ನ ಸುದ್ದಿ ಕೇಳಿ. ಹೇಳದಿದ್ದರೆ ಹೊಟ್ಟೆ ಒಡೆದೀತು.

ನಿನ್ನೆ ಬೆಳಗಾವಿಯಿಂದ ಮೇಘಾ ಎಂಬ ಹುಡುಗಿ ಕಾರು ಮಾಡಿಕೊಂಡು ಬಂದಿದ್ದಳು. ಮಳೆಗೆ ರಸ್ತೆಯೆಲ್ಲ ಕೆಸರಾಗಿ ಕಾರು ಸ್ಟೇಷನ್ನಿನ ಹತ್ತಿರವೇ ನಿಂತಿತು. ಪಾಪ, ಚಪ್ಪಲಿ ಕೈಯಲ್ಲಿ ಹಿಡಿದು ನಮ್ಮ ನಿಖಿತಾಳ ಮನೆ ಹುಡುಕಿಕೊಂಡು ಬಂದಳು. ಅಕ್ಟೋಬರ್ ಇಪ್ಪತ್ತಕ್ಕೆ ಅವರ ರಂಗಬಳಗದವರು ಹಳೆಯ ನಾಟಕ ಕಂಪನಿಗಳ ಕಲಾವಿದರನ್ನೆಲ್ಲ ಸೇರಿಸುತ್ತಾರಂತೆ. "ಅಮ್ಮಾರ, ನಿಮ್ಮದೊಂದು ಹಾಡರ ಆಗಬೇಕ್ರಿ. ನಮ್ಮ ಅಜ್ಜಿ ಇನ್ನೂ ನಿಮ್ಮ ದನಿ ನೆನಸ್ತಾಳ" ಅಂದಳು. ನಮ್ಮ ಕಂಪನಿ ಮುಚ್ಚಿ ನಾಲ್ಕು ವರ್ಷವಾಯಿತು. ನನ್ನನ್ನು ನೆನೆಯುವವರು ಇನ್ನೂ ಇದ್ದಾರೆ ಎಂದು ಕೇಳಿ, ಚಹಾ ಮಾಡುವ ನೆಪದಲ್ಲಿ ಒಳಗೆ ಹೋಗಿ ಅತ್ತೆ.

ಹೂಂ ಎಂದಿದ್ದೇನೆ. ಹಾಡುವುದು ನೀವೇ ಸ್ವರ ಕೂಡಿಸಿಕೊಟ್ಟ ರಾಣಿಯ ಪ್ರವೇಶದ ಹಾಡು. ಕರಿ ನಾಲ್ಕರಲ್ಲೇ. ಇಪ್ಪತ್ತಾರು ವರ್ಷ ನಾನು ಪರದೆಯ ಸಂದಿಯಿಂದ ನೋಡಿದ್ದು ನಿಮ್ಮ ಮುಖವನ್ನಲ್ಲ ಮಾಸ್ತರೇ, ನಿಮ್ಮ ಬೆರಳನ್ನು. ಹಾರ್ಮೋನಿಯಂ ಪೇಟಿಯ ನಾಲ್ಕನೇ ಕರಿ ಪಟ್ಟಿಯ ಮೇಲೆ ಅದು ಕೂತಿತೆಂದರೆ ನನ್ನ ಗಂಟಲು ತಾನೇ ತೆರೆಯುತ್ತಿತ್ತು. ಬೇರೆ ಕಂಪನಿಯ ನಟಿಯರೆಲ್ಲ ವಯಸ್ಸಾದಂತೆ ಕೆಳಗಿನ ಪಟ್ಟಿಗೆ ಇಳಿದರು. ನಾನು ಇಳಿಯಲಿಲ್ಲ. ಹೊಲವಿಲ್ಲ, ಮನೆಯಿಲ್ಲ, ಗಂಡ ಮಕ್ಕಳಿಲ್ಲ, ಇದೊಂದನ್ನೇ ನಾನು ಸಂಪಾದಿಸಿದ್ದು.

ನಿಖಿತಾ ಚೆನ್ನಾಗಿಯೇ ನೋಡಿಕೊಳ್ಳುತ್ತಾಳೆ. ಆದರೂ ಅಕ್ಕನ ಮಗಳ ಮನೆ ಅಕ್ಕನ ಮಗಳ ಮನೆಯೇ. ಮುಂಜಾನೆ ಸ್ವರ ಹಚ್ಚಿದರೆ ಅಳಿಯ ಬಾಳೇಶನ ನಿದ್ದೆ ಕೆಡುತ್ತದೆ ಎಂದು ಹಿತ್ತಲಿಗೆ ಹೋಗುತ್ತೇನೆ.

ಪೇಟಿಗೆ ನೀವು ಕೂಡಬೇಕು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಇಲ್ಲಿ ಟವರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮೇಲಾಗಿ ಫೋನಿನಲ್ಲಿ ನೀವು ಹೂಂ ಹೂಂ ಎಂದು ಜಾರಿಕೊಳ್ಳುತ್ತೀರಿ. ಕಾಗದದಲ್ಲಿ ಅದು ನಡೆಯುವುದಿಲ್ಲ.

ಸಂಗವ್ವ


ಖಾಸಬಾಗ, ಬೆಳಗಾವಿ
೨೭ ಆಗಸ್ಟ್ ೨೦೨೪

ಸಂಗವ್ವನವರಿಗೆ ಕಲಂದರನ ಸಲಾಮು.

ಕಾಗದ ತಲುಪಿ ವಾರವಾಗುತ್ತ ಬಂತು. ಗಣಪತಿ ಹತ್ತಿರ ಬಂದನಲ್ಲ, ಭಜನಾ ಮಂಡಳಿಯವರೆಲ್ಲ ವರ್ಷವಿಡೀ ಅಟ್ಟದ ಮೇಲೆ ಒಗೆದಿದ್ದ ಪೇಟಿಗಳನ್ನು ಈಗ ಹೊತ್ತು ತರುತ್ತಿದ್ದಾರೆ. ಒಂದರಲ್ಲಿ ಇಲಿ ಸಂಸಾರ ಹೂಡಿತ್ತು. ಮಂಡಳಿಯ ಹಿರಿಯರು "ಮಾಸ್ತರ, ಬರೇ ಷಡ್ಜ ಕೂಗವಲ್ದು" ಅಂದರು. ಷಡ್ಜದ ಮೇಲೆ ನಾಲ್ಕು ಮರಿ ಮಲಗಿದ್ದವು, ಅದು ಹೇಗೆ ಕೂಗಬೇಕು!

ನಿಮ್ಮ ಸುದ್ದಿ ಕೇಳಿ ಸಂತೋಷವಾಯಿತು. ಆದರೂ ಒಂದು ಮಾತು, ಸಿಟ್ಟಾಗಬೇಡಿ. ಹಾಡಲೇಬೇಕೇ? ಈಗಿನ ಸಭಾಗೃಹಗಳ ಮೈಕಿನಲ್ಲಿ ನಮ್ಮ ಕಾಲದ ದನಿ ಸರಿಯಾಗಿ ಬರುವುದಿಲ್ಲ, ತಗಡು ಬಡಿದ ಹಾಗೆ ಕೇಳುತ್ತದೆ. ನಾಲ್ಕು ವರ್ಷದಿಂದ ನೀವೂ ಪೇಟಿಯ ಜೊತೆ ಹಾಡಿಲ್ಲ. ಅದರ ಬದಲು ರಾಣಿಯ ಆ ಉದ್ದನೆಯ ಮಾತು ಹೇಳಿಬಿಡಿ. ಅದನ್ನು ಕೇಳಿ ಜನ ಕಣ್ಣೀರು ಹಾಕುತ್ತಿದ್ದರು. ಹಾಡನ್ನು ಅವರು ನೆನಪಿನಲ್ಲಿ ಇಟ್ಟುಕೊಂಡಿದ್ದಾರೆ, ಅಲ್ಲಿಯೇ ಇರಲಿ.

ನನಗೂ ಮೊಣಕಾಲು ನೋವು. ಕಾಲುಪೇಟಿ ತುಳಿಯುವುದು ಈಗ ಕಷ್ಟ. ಮಗಳು ಸನಮ ಗಂಡನ ಮನೆಯಿಂದ ದಿನಾ ಬಂದು ಎಣ್ಣೆ ತಿಕ್ಕುತ್ತಾಳೆ, ತಿಕ್ಕುತ್ತ ಬಯ್ಯುತ್ತಾಳೆ. ಎಣ್ಣೆಗಿಂತ ಬೈಗುಳದಿಂದಲೇ ನೋವು ಸ್ವಲ್ಪ ಇಳಿದಿದೆ.

ಯೋಚಿಸಿ ಬರೆಯಿರಿ.

ಕಲಂದರ


ಗುಂಜಿ
೩ ಸೆಪ್ಟೆಂಬರ್ ೨೦೨೪

ಮಾಸ್ತರೇ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಮೂರನೆಯ ಸಲಕ್ಕೆ ಒಲೆಗೆ ಹಾಕೋಣವೆನ್ನಿಸಿತು.

ಮೈಕು ಸರಿಯಿಲ್ಲ, ಮೊಣಕಾಲು ನೋವು, ಮಾತು ಹೇಳಿ ಸಾಕು. ಒಂದು ಬೇಡ ಎನ್ನಲಿಕ್ಕೆ ಇಷ್ಟು ನೆಪ! ಬಿರುಗಾಳಿಗೆ ತಂಬು ಹಾರಿಹೋದ ದಿನ ಬಯಲಿನಲ್ಲಿ ನಿಂತು ಹಾಡಿದವಳು ನಾನು. ಆಗ ಮೈಕು ಎಲ್ಲಿತ್ತು? ಅವತ್ತು ಪೇಟಿಯನ್ನು ಕಂಬಳಿಯಲ್ಲಿ ಮುಚ್ಚಿಕೊಂಡು ಬಾರಿಸಿದವರು ಯಾರು?

ನನಗೆ ಅನ್ನಿಸಿದ್ದನ್ನು ಹೇಳಿಬಿಡುತ್ತೇನೆ. ಕಂಪನಿಯಲ್ಲಿದ್ದಾಗ ನಾವು ಊರೂರಿನವರು. ಈಗ ನಿಮ್ಮ ಊರಿನಲ್ಲಿ, ನಿಮ್ಮ ಓಣಿಯವರ ಎದುರು, ಗಂಡ ಇಲ್ಲದ ಕಂಪನಿಯ ಹೆಂಗಸಿನ ಬಾಜೂಕ ಕೂಡಲು ನಿಮಗೆ ಅಂಜಿಕೆ. ನಿಮ್ಮ ಮನೆಯಾಕೆ ನಜ್ಮುನ್ನಿಸಾ ಅಕ್ಕ ಇಲ್ಲವಾದರೂ ಆಕೆಯ ತವರಿನವರು ಏನೆಂದಾರು, ಸನಮಳ ಅತ್ತೆ ಏನೆಂದಾಳು. ಹಾಗಿದ್ದರೆ ಹಾಗೆಂದು ಬರೆಯಿರಿ. ನನಗೆ ಬೇಜಾರಾಗುವುದಿಲ್ಲ. ಆಗುತ್ತದೆ, ಆದರೆ ತೋರಿಸುವುದಿಲ್ಲ.

ಸಂಗವ್ವ


ಖಾಸಬಾಗ
೧೧ ಸೆಪ್ಟೆಂಬರ್ ೨೦೨೪

ಸಂಗವ್ವನವರಿಗೆ,

ಆಣೆ ಮಾಡಿ ಹೇಳುತ್ತೇನೆ, ಅದಲ್ಲ. ನನ್ನ ಓಣಿಯವರು ನಿಮ್ಮ ಹೆಸರು ಕೇಳಿದರೆ ಕುರ್ಚಿ ಬಿಟ್ಟು ಏಳುವವರು. ನಜ್ಮುನ್ನಿಸಾ ಇದ್ದಾಗ ನಿಮ್ಮ ನಾಟಕಕ್ಕೆ ಮುಂದಿನ ಸಾಲಿನಲ್ಲಿ ಕೂತು, ಮನೆಗೆ ಬಂದು ನನಗೆ "ನೀವು ಪೇಟಿ ಸ್ವಲ್ಪ ಸಣ್ಣಗ ಬಾರಸ್ರಿ, ಬಾಯಾರ ದನಿ ಮುಚ್ಚತೈತಿ" ಎಂದು ಬುದ್ಧಿ ಹೇಳುತ್ತಿದ್ದಳು. ನಿಮ್ಮ ಪಕ್ಕದಲ್ಲಿ ಕೂಡುವುದಕ್ಕೆ ನನಗೆ ಅಂಜಿಕೆಯೇ? ಬೇರೆಲ್ಲಿ ಕೂಡಲೂ ನನಗೆ ಬರುವುದಿಲ್ಲ.

ಆಯಿತು, ಹಾಡಿ. ನಾನು ಬರುತ್ತೇನೆ. ಆದರೆ ಕೆಲವು ಮಾತು ನಡೆಸಿಕೊಡಬೇಕು. ಪೇಟಿ ನಮ್ಮ ಕಂಪನಿಯ ಅದೇ ಕಾಲುಪೇಟಿ ಆಗಬೇಕು. ಬೇರೆ ಪೇಟಿ, ಬೇರೆ ವಾದ್ಯ, ತಂಬೂರಿಯ ಪೆಟ್ಟಿಗೆ ಏನೂ ಅಲ್ಲಿ ಇರಬಾರದು. ತಬಲಾಕ್ಕೆ ನಮ್ಮ ಈರಣ್ಣನೇ ಬೇಕು. ಬೇರೆಯವರ ಜೊತೆ ತಾಲೀಮು ಮಾಡಬೇಡಿ. ಯಾಕೆ ಎಂದು ಕೇಳಬೇಡಿ, ಮುದುಕನ ಹಟ ಎಂದುಕೊಳ್ಳಿ.

ಕಾಲುಪೇಟಿ ನನ್ನ ಮನೆಯಲ್ಲೇ ಇದೆ. ಮೇಲೆ ಬಟ್ಟೆ ಹೊದಿಸಿದ್ದೇನೆ. ಹೊತ್ತು ತರುವ ವ್ಯವಸ್ಥೆ ನಾನೇ ಮಾಡುತ್ತೇನೆ.

ಕಲಂದರ


ಗುಂಜಿ
೨೪ ಸೆಪ್ಟೆಂಬರ್ ೨೦೨೪

ಮಾಸ್ತರೇ,

ಮೇಘಾ ಮತ್ತೆ ಬಂದಿದ್ದಳು. ನಿಮ್ಮ ಕರಾರುಗಳನ್ನೆಲ್ಲ ಹೇಳಿದೆ. ಹುಡುಗಿ ತಲೆ ಕೆರೆದುಕೊಂಡಳು. ಎಲ್ಲ ಕಲಾವಿದರಿಗೂ ಒಂದೇ ಪೇಟಿ, ಒಂದೇ ತಬಲಾ ಎಂದು ಗೊತ್ತು ಮಾಡಿದ್ದಾರಂತೆ. ಪೇಟಿಗೆ ಸಂಗೀತ ಸಾಲೆಯ ಗೌರೀಶ ಎಂಬವನು. "ಅಮ್ಮಾರ, ನಿಮ್ಮ ಒಬ್ಬರ ಸಲುವಾಗಿ ಬ್ಯಾರೆ ಪೇಟಿ ಇಟ್ರ ಉಳಿದವರು ಏನಂದಾರ್ರೀ?" ಎಂದು ಕೇಳಿದಳು. ಸರಿಯಾಗಿಯೇ ಕೇಳಿದಳು.

ಆಮೇಲೆ ಅವಳೇ ಇನ್ನೊಂದು ಮಾತು ಕೇಳಿದಳು. "ಅವರ ಪೇಟಿ ಇಲ್ಲಾಂದ್ರ ನಿಮಗ ಹಾಡಾಕ ಆಗೂದಿಲ್ಲೇನ್ರೀ?"

ಮಾಸ್ತರೇ, ಆ ಮಾತು ಮುಳ್ಳಿನ ಹಾಗೆ ನನ್ನ ಎದೆಯಲ್ಲಿ ಮುರಿದು ಕೂತಿದೆ. ನನ್ನ ಹಾಡು ನಿಮ್ಮ ಪೆಟ್ಟಿಗೆಯಿಂದ ಹೊರಡುತ್ತದೆಯೇ? ಮೊದಲು ಹಾಡಬೇಡ ಎಂದಿರಿ. ಆಮೇಲೆ ನಿಮ್ಮ ಜೊತೆಗಷ್ಟೇ ಹಾಡು ಎಂದಿರಿ. ನೀವು ಹೀಗೆ ಇರಲಿಲ್ಲ. ನಾನು ಬೇರೆಯವರ ಪೇಟಿಗೆ ಚೆನ್ನಾಗಿ ಹಾಡಿಬಿಟ್ಟರೆ ಇಪ್ಪತ್ತಾರು ವರ್ಷದ ಹೆಸರಿನಲ್ಲಿ ನಿಮ್ಮ ಪಾಲು ಕಡಿಮೆಯಾದೀತೆಂಬ ಹೊಟ್ಟೆಕಿಚ್ಚೇ? ಹೀಗೆ ಬರೆಯುವಾಗ ನನಗೇ ಸಂಕಟವಾಗುತ್ತದೆ, ಆದರೆ ಬೇರೆ ಅರ್ಥ ನನಗೆ ಹೊಳೆಯುತ್ತಿಲ್ಲ.

ಗೌರೀಶನ ಪೇಟಿಗೇ ಹಾಡುತ್ತೇನೆಂದು ಹೇಳಿ ಕಳಿಸಿದ್ದೇನೆ. ನೀವು ಮುಂದಿನ ಸಾಲಿನಲ್ಲಿ ಬಂದು ಕೂಡಿ. ಒಂದು ಸಲವಾದರೂ ನನ್ನ ಹಾಡನ್ನು ಎದುರಿನಿಂದ ಕೇಳಿ. ಕುರ್ಚಿ ಹಿಡಿಸಿಡುತ್ತೇನೆ.

ಸಂಗವ್ವ


ಖಾಸಬಾಗ
೧ ಅಕ್ಟೋಬರ್ ೨೦೨೪

ಸಂಗವ್ವನವರಿಗೆ,

ಹೊಟ್ಟೆಕಿಚ್ಚು ಎಂದಿರಿ. ಇರಲಿ, ಹಾಗೇ ಅಂದುಕೊಳ್ಳಿ.

ಗೌರೀಶ ಒಳ್ಳೆಯ ಹುಡುಗ, ಕೈ ಹದವಾಗಿದೆ. ಅವನ ಜೊತೆಗೇ ಹಾಡಿ. ಆದರೆ ನನ್ನ ಒಂದು ಮಾತು ಕೇಳಿ, ಕಾಲು ಹಿಡಿದು ಕೇಳುತ್ತೇನೆ. ಅವನಿಗೆ ಕರಿ ಮೂರು ಹಿಡಿ ಎಂದು ಹೇಳಿ. ಕರಿ ನಾಲ್ಕು ಬೇಡ. ನಮ್ಮದು ಹಳೆಯ ಪೇಟಿ, ಹೊಸ ಪೇಟಿಗಳು ಸ್ವಲ್ಪ ಏರಿರುತ್ತವೆ. ಕರಿ ಮೂರರಲ್ಲಿ ಹಾಡಿದರೆ ನಿಮಗೆ ನಮ್ಮ ಕರಿ ನಾಲ್ಕರ ಹಾಗೆಯೇ ಅನ್ನಿಸುತ್ತದೆ. ಕೇಳುವವರಿಗೆ ಏನೂ ತಿಳಿಯುವುದಿಲ್ಲ. ಇದರಲ್ಲಿ ಅವಮಾನವೇನಿಲ್ಲ.

ದಯಮಾಡಿ ಇದಕ್ಕೆ ಉತ್ತರ ಬರೆಯಿರಿ. ಒಂದು ಸಾಲು ಬರೆದರೂ ಸಾಕು.

ಕಲಂದರ


ಖಾಸಬಾಗ
೨೩ ಅಕ್ಟೋಬರ್ ೨೦೨೪

ಸಂಗವ್ವನವರಿಗೆ,

ನಿಮ್ಮ ಉತ್ತರ ಬರಲಿಲ್ಲ. ನಾನು ಕಾರ್ಯಕ್ರಮಕ್ಕೂ ಬರಲಿಲ್ಲ. ಬಟ್ಟೆ ಹಾಕಿಕೊಂಡು, ಟೋಪಿ ಇಟ್ಟುಕೊಂಡು ಬಾಗಿಲ ತನಕ ಬಂದೆ, ಕಾಲು ಮುಂದಕ್ಕೆ ಹೋಗಲಿಲ್ಲ. ಈ ಸಲ ಮೊಣಕಾಲಿನ ನೆಪ ಹೇಳುವುದಿಲ್ಲ.

ಸನಮಳನ್ನು ಕಳಿಸಿದ್ದೆ. ತಿರುಗಿ ಬಂದವಳು "ಛಲೋ ಆತಪಾ, ಮಂದಿ ಭಾಳ ಚಪ್ಪಾಳಿ ಹೊಡದ್ರು" ಎಂದು ಹೇಳಿ ಅಡುಗೆಮನೆಗೆ ಹೋದಳು. ಕೇಳಿ ಮನಸ್ಸು ಹಗುರಾಯಿತು. ನೀವು ಕರಿ ಮೂರರಲ್ಲೇ ಹಾಡಿರಬೇಕು. ನನ್ನ ಮಾತು ನಡೆಸಿಕೊಟ್ಟಿರಿ, ಅಷ್ಟು ಸಾಕು.

ಕಲಂದರ


ಖಾಸಬಾಗ
೧೫ ನವೆಂಬರ್ ೨೦೨೪

ಸಂಗವ್ವನವರಿಗೆ,

ದೀಪಾವಳಿಗೆ ನಿಮ್ಮ ಕಾಗದ ಬಂದೀತೆಂದು ನೋಡಿದೆ. ಪ್ರತಿ ವರ್ಷ ನಿಖಿತಾಳ ಕೈಯಿಂದ ಕರ್ಚೀಕಾಯಿ ಕಳಿಸುತ್ತಿದ್ದಿರಿ. ಈ ವರ್ಷ ಅದೂ ಬರಲಿಲ್ಲ. ನಾನು ಬರಲಿಲ್ಲವೆಂದು ಸಿಟ್ಟಿರಬಹುದು. ಸಿಟ್ಟಿದ್ದರೆ ಬಯ್ದು ಬರೆಯಿರಿ. ನಿಮ್ಮ ಬೈಗುಳ ನನಗೆ ಹೊಸದಲ್ಲ. ಏನೂ ಬರೆಯದೆ ಇರುವುದು ಮಾತ್ರ ಹೊಸದು. ಅಂಚೆಯವನು ಓಣಿ ದಾಟಿ ಹೋಗುವ ತನಕ ನಾನು ಯಾವ ಪೇಟಿಯನ್ನೂ ಮುಟ್ಟುವುದಿಲ್ಲ.

ಕಲಂದರ


ಗುಂಜಿ
೨ ಡಿಸೆಂಬರ್ ೨೦೨೪

ಕಲಂದರ ಮಾಸ್ತರಿಗೆ,

ಅವತ್ತು ನಡೆದದ್ದನ್ನು ಸನಮ ನಿಮಗೆ ಹೇಳಿಲ್ಲ. ನಿಮ್ಮ ಮಗಳಲ್ಲವೇ, ಸಿಹಿಯಾದದ್ದನ್ನಷ್ಟೇ ಹೇಳುವ ಮನೆತನ. ನಾನು ಹೇಳುತ್ತೇನೆ.

ಇಳಕಲ್ಲ ಸೀರೆ ಉಟ್ಟಿದ್ದೆ. ಗೌರೀಶ "ಯಾವ ಪಟ್ಟಿರೀ ಅಮ್ಮಾರ?" ಎಂದು ಕೇಳಿದ. ನಿಮ್ಮ ಕಾಗದ ನೆನಪಾಯಿತು. ಮೈ ಉರಿಯಿತು. ಮೈಕಿನಲ್ಲೇ, ಎಲ್ಲರಿಗೂ ಕೇಳುವ ಹಾಗೆ, "ಕರಿ ನಾಲ್ಕು" ಅಂದೆ. ಅಷ್ಟಕ್ಕೇ ಜನ ಚಪ್ಪಾಳೆ ತಟ್ಟಿದರು. ಈ ವಯಸ್ಸಿನಲ್ಲಿ ಕರಿ ನಾಲ್ಕು ಎಂದು ಮುಂದಿನ ಸಾಲಿನ ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ನಡುವೆ ನಿಮಗೆ ಹಿಡಿಸಿಟ್ಟ ಕುರ್ಚಿ ಖಾಲಿಯಿತ್ತು.

ಮೊದಲ ಸಾಲು ಹೇಗೋ ದಾಟಿದೆ. ಎರಡನೇ ಸಾಲಿನಲ್ಲಿ ಮೇಲಿನ ಷಡ್ಜಕ್ಕೆ ಹೋದಾಗ ದನಿ ಒಡೆಯಿತು. ಕೆಮ್ಮಿದಂತೆ ಮಾಡಿ ಮತ್ತೆ ಹತ್ತಿದೆ, ಮತ್ತೆ ಒಡೆಯಿತು. ಮೂರನೆಯ ಸಲ ದನಿಯೇ ಬರಲಿಲ್ಲ, ಬರೀ ಗಾಳಿ ಬಂತು. ಆಗ ಗೌರೀಶ, ಒಳ್ಳೆಯ ಹುಡುಗನೇ, ಬೆರಳನ್ನು ಕೆಳಗಿನ ಪಟ್ಟಿಗೆ ಸರಿಸಿದ. ನನ್ನ ಕಣ್ಣು ರೂಢಿಯಂತೆ ಬೆರಳಿನ ಮೇಲೇ ಇತ್ತು. ಎಲ್ಲವನ್ನೂ ನೋಡಿದೆ. ಹಾಡು ಮುಗಿಸುವ ಮೊದಲೇ ಜನ ಚಪ್ಪಾಳೆ ಹೊಡೆದು ನನ್ನನ್ನು ಉಳಿಸಿದರು. ಮುದುಕಿ ಜಾರಿ ಬಿದ್ದರೆ ಓಡಿ ಬಂದು ಎತ್ತುತ್ತಾರಲ್ಲ, ಆ ತರಹದ ಚಪ್ಪಾಳೆ.

ಒಳಗೆ ಹೋಗಿ ಕೂತಾಗ, ಹಾಡು ಕೇಳಲು ಬಂದಿದ್ದ ನಮ್ಮ ಈರಣ್ಣ ಎದ್ದು ಬಂದ. ನನ್ನ ಅಳು ನೋಡಲಾಗದೆ ಬಾಯಿ ಬಿಟ್ಟ.

"ಅಕ್ಕಾ, ಮನಸಿಗೆ ಹಚ್ಚಿಕೋಬ್ಯಾಡ. ನಿಂದೇನೂ ತಪ್ಪಿಲ್ಲ. ಇದು ಖರೇ ಕರಿ ನಾಲ್ಕು. ನಮ್ಮ ಮಾಸ್ತರನ ಪೇಟಿ ಇಳಿಸಿದ್ದಿತ್ತು."

"ಇಳಿಸಿದ್ದು ಅಂದ್ರ?"

"ಒಳಗಿನ ಸ್ವರ ಕೆರದು ತಗ್ಗ ಮಾಡಿದ್ರವಾ. ಅವರು ನಿನ್ನ ಕಣ್ಣಿಗೆ ಕರಿ ನಾಲ್ಕು ಹಿಡೀತಿದ್ರು, ಒಳಗ ಕೂಗತಿದ್ದದ್ದು ಕರಿ ಮೂರು. ನಾನೂ ತಬಲಾ ಇಳಿಸಿಕೊಂಡಿದ್ದೆ."

"ಯಾರ್ಯಾರಿಗೆ ಗೊತ್ತಿತ್ತು?"

ಈರಣ್ಣ ನೆಲ ನೋಡಿದ. "ಎಲ್ಲಾರಿಗೂ ಗೊತ್ತಿತ್ತವಾ."

ಎಲ್ಲರಿಗೂ. ಪರದೆ ಎಳೆಯುವ ಮೈಲಾರಲಿಂಗನಿಗೂ ಗೊತ್ತಿತ್ತು. ನಾನು ಎದೆ ಸೆಟೆಸಿ ನಡೆಯುತ್ತಿದ್ದೆ, "ನಾ ಇನ್ನೂ ಪಟ್ಟಿ ಇಳಿಸಿಲ್ಲ" ಎಂದು ಹೊಸ ಹುಡುಗಿಯರ ಮುಂದೆ ಹೇಳಿಕೊಳ್ಳುತ್ತಿದ್ದೆ. ಅವರೆಲ್ಲ ಹೂಂಗುಟ್ಟುತ್ತಿದ್ದರು. ಅದನ್ನು ನೆನೆದರೆ ಈಗಲೂ ಸೆರಗಿನಿಂದ ಮುಖ ಮುಚ್ಚಿಕೊಳ್ಳಬೇಕೆನ್ನಿಸುತ್ತದೆ.

ಯಾಕೆ ಮಾಡಿದಿರಿ? ಅದಷ್ಟನ್ನು ಬರೆಯಿರಿ. ಮೈಕು, ಮೊಣಕಾಲು, ಇಲಿ ಏನೂ ಬೇಡ.

ಸಂಗವ್ವ


ಖಾಸಬಾಗ
೧೧ ಡಿಸೆಂಬರ್ ೨೦೨೪

ಸಂಗವ್ವನವರಿಗೆ,

ಬರೆಯುತ್ತೇನೆ.

೨೦೧೨ರ ಗೋಕಾಕದ ಮುಕ್ಕಾಮು. ನಿಮಗೆ ಜ್ವರ ಬಂದು ಇಳಿದಿತ್ತು. ಆಮೇಲೆ ನಿಮ್ಮ ದನಿ ಮೇಲಿನ ಸ್ವರದಲ್ಲಿ ಸಣ್ಣಗೆ ನಡುಗುತ್ತಿತ್ತು. ನಿಮಗೆ ಅದು ಜ್ವರದ ಸುಸ್ತು ಅನ್ನಿಸಿತು. ನನಗೆ ಗೊತ್ತಾಯಿತು, ಅದು ಸುಸ್ತಲ್ಲ. ಕಂಪನಿಯ ಮಾಲಕ ಚನ್ನಬಸಯ್ಯನವರಿಗೂ ಗೊತ್ತಾಯಿತು. ತಂಬುವಿನ ಹಿಂದೆ ಮ್ಯಾನೇಜರನಿಗೆ ಹೇಳುತ್ತಿದ್ದರು: "ಮುಂದಿನ ಹಂಗಾಮಕ್ಕ ಬ್ಯಾರೆ ಹುಡುಗಿ ನೋಡ್ರಿ. ಸಂಗವ್ವನ ದನಿ ಇಳೀತು. ತಾಯಿ ಪಾರ್ಟು ಕೊಡೂಣು, ಒಲ್ಲೆಂದ್ರ ಮನಿಗೆ ಹೋಗಲಿ."

ಮಳೆಗಾಲಕ್ಕೆ ಕಂಪನಿ ನಿಂತಾಗ ಕಾಲುಪೇಟಿಯನ್ನು ಮನೆಗೆ ತಂದೆ. ಒಳಗಿನ ಹಿತ್ತಾಳೆ ನಾಲಿಗೆಗಳನ್ನು ಒಂದೊಂದಾಗಿ ಬಿಚ್ಚಿ, ಬುಡದಲ್ಲಿ ಸಣ್ಣ ಕಾನಸದಿಂದ ಕೆರೆದೆ. ಬುಡ ಕೆರೆದರೆ ಸ್ವರ ತಗ್ಗುತ್ತದೆ. ಎಲ್ಲವನ್ನೂ ಅರ್ಧ ಸ್ವರ ಇಳಿಸಿದೆ. ನಾಲ್ಕು ವರ್ಷದ ಮೇಲೆ ಇನ್ನೂ ಅರ್ಧ. ಸುಮ್ಮನೆ ಬೆರಳನ್ನೇ ಕೆಳಗಿನ ಪಟ್ಟಿಗೆ ಇಟ್ಟಿದ್ದರೆ ಸಾಕಿತ್ತು, ಇಷ್ಟು ಪಾಡು ಬೇಡವಾಗಿತ್ತು. ಆದರೆ ನಿಮ್ಮ ಕಣ್ಣು ನನ್ನ ಬೆರಳಿನ ಮೇಲೆ ಇತ್ತಲ್ಲ. ಪೇಟಿ ಮಾಸ್ತರನಾದವನು ಸ್ವರ ಕೆಡಿಸುವುದೆಂದರೆ ಮುಲ್ಲಾ ಸುಳ್ಳು ಬಾಂಗು ಕೊಟ್ಟ ಹಾಗೆ. ಗೊತ್ತಿದ್ದೂ ಮಾಡಿದೆ.

ಅದಕ್ಕಿಂತ ಎರಡು ವರ್ಷ ಹಿಂದೆ, ಖಾನಾಪುರದ ಮುಕ್ಕಾಮಿನಲ್ಲಿ, ನಾನು ನಿಮ್ಮನ್ನು ಒಂದು ಮಾತು ಕೇಳಿದ್ದೆ. ನೆನಪಿರಬಹುದು. ನಜ್ಮುನ್ನಿಸಾ ಹೋಗಿ ವರ್ಷವಾಗಿತ್ತು. "ಖಾಸಬಾಗದ ಮನಿ ದೊಡ್ಡದೈತ್ರಿ, ನೀವು ಬಂದ್ರ ಮನಿ ಆಗತೈತಿ" ಅಂದಿದ್ದೆ. ಅಷ್ಟರಲ್ಲಿ ಮೂರನೇ ಗಂಟೆ ಹೊಡೆಯಿತು. ನೀವು ಪರದೆಯ ಹತ್ತಿರ ಹೋದಿರಿ. ಆಮೇಲೆ ಆ ಮಾತು ಎತ್ತಲೇ ಇಲ್ಲ. ನನಗೆ ಉತ್ತರ ತಿಳಿಯಿತು. ಈ ಹೆಂಗಸಿಗೆ ಹಾಡೇ ಮನೆ, ಬೇರೆ ಮನೆ ಬೇಡ ಎಂದುಕೊಂಡೆ. ಆ ಮನೆಯ ಗೋಡೆ ಬಿರುಕು ಬಿಟ್ಟಾಗ ನಾನು ನೋಡುತ್ತ ನಿಲ್ಲಬೇಕಿತ್ತೇ?

ನಿಮ್ಮನ್ನು ಪ್ರೀತಿಸಿದೆ ಸಂಗವ್ವ. ಬಾಯಿಂದ ಹೇಳಲು ಧೈರ್ಯ ಉಳಿದಿರಲಿಲ್ಲ. ಅದಕ್ಕೇ ಇದನ್ನು ಮಾಡಿದೆ. ಎಂಟು ವರ್ಷ ಜನ ನಿಮಗೆ ಚಪ್ಪಾಳೆ ಹೊಡೆದರು, ನೀವು ರಾಣಿಯಾಗಿಯೇ ಉಳಿದಿರಿ. ಅದನ್ನು ಕೊಟ್ಟದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಅವತ್ತು ಬಂದು ನಿಮ್ಮ ಬಾಜೂಕ ಕೂಡಲಿಲ್ಲ, ಅದಕ್ಕೆ ಇದೆ.

ಈಗಲಾದರೂ ಬನ್ನಿ. ಮನೆ ಇನ್ನೂ ದೊಡ್ಡದಾಗಿಯೇ ಇದೆ.

ಕಲಂದರ


ಗುಂಜಿ
೨೦ ಜನವರಿ ೨೦೨೫

ಮಾಸ್ತರೇ,

ಇಷ್ಟು ದಿನ ಬರೆಯಲು ಕೂತು ಕೂತು ಎದ್ದೆ. ಸಂಕ್ರಾಂತಿಗೆ ಒಳ್ಳೆಯ ಮಾತಾಡಬೇಕು ಅಂತಾರೆ. ಅದೂ ಮುಗಿಯಿತು, ಇನ್ನು ಬರೆಯುತ್ತೇನೆ.

ಖಾನಾಪುರದಲ್ಲಿ ನೀವು ಕೇಳಿದ್ದು ನೆನಪಿರಬಹುದು ಎಂದು ಬರೆದಿದ್ದೀರಿ. ನೆನಪಿರಬಹುದೇ! ಮೂರನೇ ಗಂಟೆ ಹೊಡೆಯಿತು, ರಂಗಕ್ಕೆ ಹೋದೆ. ಆ ಅಂಕ ಮುಗಿಯುವುದರೊಳಗೆ ನಿಶ್ಚಯ ಮಾಡಿದೆ. ಲೋಕ ಏನಾದರೂ ಅನ್ನಲಿ, ಜಂಗಮರು ಏನಾದರೂ ಅನ್ನಲಿ, ಈ ಮನುಷ್ಯನ ಮನೆಗೆ ಹೋಗುವುದೇ. ಆದರೆ ದನಿ ಇರುವ ತನಕ ರಂಗ ಬಿಡಲಾರೆ. ಕರಿ ನಾಲ್ಕು ಎಟುಕದ ದಿನ ಬಣ್ಣ ತೊಳೆದು, ಪೆಟ್ಟಿಗೆ ಎತ್ತಿಕೊಂಡು ಖಾಸಬಾಗಕ್ಕೆ ಹೋಗಿಬಿಡುವುದು.

ನಿಮಗೆ ಹೇಳಲಿಲ್ಲ. ಹೇಳಿದರೆ ನೀವು ನನ್ನ ದನಿ ಯಾವಾಗ ಹೋದೀತು ಎಂದು ಕಾಯುತ್ತೀರಿ ಎಂಬ ಅಂಜಿಕೆ. ಎಂಥ ಹುಚ್ಚಿ ನಾನು.

ಪ್ರತಿ ಹಂಗಾಮು ಮುಗಿದಾಗ ನನ್ನನ್ನು ನಾನೇ ಕೇಳಿಕೊಳ್ಳುತ್ತಿದ್ದೆ, ಇಳಿಯಿತೇ? ಇಲ್ಲ, ಇಳಿದಿಲ್ಲ. ಹೆಮ್ಮೆಯಾಗುತ್ತಿತ್ತು. ಎದೆಯ ಒಂದು ಮೂಲೆಯಲ್ಲಿ ಬೇಸರವೂ ಆಗುತ್ತಿತ್ತು, ಇನ್ನೂ ಒಂದು ವರ್ಷ ತಡ ಎಂದು. ಕಂಪನಿ ಮುಚ್ಚಿದಾಗ ಬರಬಹುದಿತ್ತು. ಆದರೆ ಮುಚ್ಚಿದ್ದು ಕಂಪನಿ, ನನ್ನ ದನಿ ಗಟ್ಟಿಯಾಗಿಯೇ ಇತ್ತಲ್ಲ. ನೆಲೆ ತಪ್ಪಿ ಬಂದಳು ಅನ್ನಿಸಿಕೊಳ್ಳಲು ಮನಸ್ಸು ಒಪ್ಪಲಿಲ್ಲ. ಮತ್ತೊಮ್ಮೆ ಕೇಳುತ್ತೀರೆಂದು ನೋಡಿದೆ. ನೀವೂ ಕೇಳಲಿಲ್ಲ.

ಗೋಕಾಕದಲ್ಲಿ ಚನ್ನಬಸಯ್ಯ ನನಗೆ ತಾಯಿ ಪಾರ್ಟು ಕೊಡಲಿ ಎಂದು ನೀವು ಬಿಟ್ಟಿದ್ದರೆ ಆ ವೇಷವನ್ನು ಅವನ ಮುಖಕ್ಕೆ ಒಗೆದು ಅದೇ ವಾರ ನಿಮ್ಮ ಹೊಸ್ತಿಲು ತುಳಿಯುತ್ತಿದ್ದೆ. ಎಂಟು ವರ್ಷ ಕೊಟ್ಟೆ ಅನ್ನುತ್ತೀರಿ. ಯಾವ ಎಂಟು ವರ್ಷವನ್ನು ತೆಗೆದು ಕೊಟ್ಟಿರಿ, ಗೊತ್ತಾಯಿತೇ? ಆ ವರ್ಷಗಳಲ್ಲಿ ನನಗೆ ನಿಮ್ಮ ಅಡುಗೆಮನೆಯಲ್ಲಿ ನಿಂತು ಬೈಸಿಕೊಳ್ಳಬೇಕಿತ್ತು, ಸನಮಳ ಲಗ್ನದಲ್ಲಿ ಓಡಾಡಬೇಕಿತ್ತು. ನಿಮ್ಮ ಮೊಣಕಾಲಿಗೆ ಎಣ್ಣೆ ತಿಕ್ಕುವುದು ನನ್ನ ಪಾಲಿಗೆ ಬರಬೇಕಿತ್ತು.

ಈಗಲಾದರೂ ಬನ್ನಿ ಎಂದಿರಿ. ಬರಬಹುದಿತ್ತು. ಆದರೆ ಈಗ ನಾನು ಸಾರು ಮಾಡಿ ಉಪ್ಪು ಸರಿಯಿದೆಯೇ ಎಂದು ಕೇಳಿದರೆ ನೀವು ಛಲೋ ಐತಿ ಎನ್ನುತ್ತೀರಿ. ಉಪ್ಪು ಹೆಚ್ಚಾದರೂ ಹಾಗೆಯೇ ಅನ್ನುತ್ತೀರಿ. ದಿನಾ ನಾನು ನಿಮ್ಮ ಮುಖ ನೋಡಿ ಇದು ಖರೆಯೋ ಕರುಣೆಯೋ ಎಂದು ಹುಡುಕಬೇಕು. ನನಗೆ ಸುಳ್ಳು ಹೇಳದ ಒಂದೇ ಒಂದು ಜೀವ ಈ ಲೋಕದಲ್ಲಿದೆ ಎಂದು ನಂಬಿ ರಂಗಕ್ಕೆ ಕಾಲಿಡುತ್ತಿದ್ದೆ. ಆ ನಂಬಿಕೆಯಿಲ್ಲದೆ ನಿಮ್ಮ ಮನೆಯಲ್ಲಿ ಬಾಳುವುದು ನನಗೆ ಬರುವುದಿಲ್ಲ.

ಹಾಡು ಬಿಟ್ಟಿಲ್ಲ. ಸಂಜೆ ಹಿತ್ತಲಲ್ಲಿ, ಬಣವೆಯ ಹತ್ತಿರ ಕೂತು ಗಂಟಲು ಕೊಟ್ಟಷ್ಟರಲ್ಲಿ ಹಾಡುತ್ತೇನೆ. ಪೇಟಿ ಇಲ್ಲ, ಪಟ್ಟಿ ಯಾವುದೋ ಗೊತ್ತಿಲ್ಲ. ಚೆನ್ನಾಗಿದೆಯೇ ಎಂದು ಯಾರನ್ನೂ ಕೇಳುವುದಿಲ್ಲ. ಅಲ್ಲಿ ಎಮ್ಮೆ ಕಟ್ಟಿದ್ದಾರೆ, ಅದು ಮೆಲುಕು ಹಾಕುತ್ತದೆ.

ನೀವು ಬರಬೇಡಿ. ಕಾಗದವೂ ಬೇಡ.

ಸಂಗವ್ವ


ಖಾಸಬಾಗ
೯ ಏಪ್ರಿಲ್ ೨೦೨೫

ಸಂಗವ್ವನವರಿಗೆ,

ಬರೆಯಬೇಡಿ ಎಂದಿದ್ದಿರಿ. ರಮಜಾನ ಮುಗಿಯುವ ತನಕ ನಡೆಸಿಕೊಟ್ಟೆ. ಇದೊಂದನ್ನು ಬರೆಯದಿದ್ದರೆ ಅದು ಮತ್ತೆ ಮುಚ್ಚಿಟ್ಟ ಹಾಗಾಗುತ್ತದೆ. ನಿಮ್ಮಿಂದ ಇನ್ನು ಏನನ್ನೂ ಮುಚ್ಚಿಡುವುದಿಲ್ಲವೆಂದು ನನ್ನಷ್ಟಕ್ಕೆ ನಾನು ಗಟ್ಟಿ ಮಾಡಿಕೊಂಡಿದ್ದೇನೆ.

ಕಳೆದ ಭಾನುವಾರ ನಾನು ಗುಂಜಿಗೆ ಬಂದಿದ್ದೆ.

ಮನೆಯೊಳಗೆ ಬರಲಿಲ್ಲ, ಬರಬೇಡಿ ಎಂದಿದ್ದಿರಿ. ಹಿತ್ತಲ ಬೇಲಿಯ ಆಚೆ ಗೇರು ಮರದ ಕೆಳಗೆ ನಿಂತೆ. ನಿಖಿತಾ ನೀರು ಹೊತ್ತು ಬರುವಾಗ ನನ್ನನ್ನು ನೋಡಿದಳು. ಸುಮ್ಮನಿರು ಎಂದು ಕೈ ಮಾಡಿದೆ. ಅವಳನ್ನು ಬಯ್ಯಬೇಡಿ. ಅವಳ ಕಣ್ಣಲ್ಲಿ ನೀರಿತ್ತು.

ನೀವು ಬಂದು ಕೂತಿರಿ. ಕೂದಲು ಪೂರಾ ಬೆಳ್ಳಗಾಗಿದೆ. ಸೆರಗು ಹೊದ್ದು, ಎಮ್ಮೆಯ ಬೆನ್ನು ಸವರಿ, ಹಾಡಲು ಹತ್ತಿದಿರಿ. ಇಪ್ಪತ್ತಾರು ವರ್ಷ ನಿಮ್ಮ ಹಾಡು ಕೇಳುವಾಗ ನನ್ನ ಎರಡೂ ಕೈ ಪಟ್ಟಿಗಳ ಮೇಲೆ ಇರುತ್ತಿದ್ದವು. ಮುಂದಿನ ಸ್ವರಕ್ಕೆ ಬೆರಳು ಎಲ್ಲಿ ಎಂಬುದರ ಮೇಲೆಯೇ ಧ್ಯಾನ. ಬರೀ ಕೇಳಿದ್ದು ಇದೇ ಮೊದಲ ಸಲ. ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಬೇಲಿಯ ಗೂಟ ಹಿಡಿದು ನಿಂತೆ. ಯಾವ ಪಟ್ಟಿ ಎಂದು ಕಿವಿಗೆ ಕೂಡಲೇ ಗೊತ್ತಾಯಿತು. ಅದನ್ನು ಬರೆಯುವುದಿಲ್ಲ.

ಹಾಡು ಹೇಗಿತ್ತು ಎಂದು ಬರೆಯಲು ಎರಡು ದಿನದಿಂದ ಕೂತಿದ್ದೇನೆ. ಕಂಪನಿಯಲ್ಲಿ ಪ್ರತಿ ಹಾಡು ಮುಗಿದಾಗ ನೀವು ಪರದೆಯ ಸಂದಿಯಿಂದ ನನ್ನ ಕಡೆ ನೋಡುತ್ತಿದ್ದಿರಿ, ನಾನು ತಲೆದೂಗುತ್ತಿದ್ದೆ. ಅಲ್ಲಿಯೂ ತಲೆದೂಗಿದೆ, ತಡೆಯಲಾಗಲಿಲ್ಲ. ನೀವು ನೋಡಲಿಲ್ಲ. ನೋಡಿದ್ದರೂ ನನ್ನ ತಲೆಯ ಮಾತನ್ನು ಈಗ ನಂಬುವುದಿಲ್ಲ. ಆದ್ದರಿಂದ ಹೇಗಿತ್ತೆಂದು ಬರೆಯದೆ ಬಿಡುತ್ತೇನೆ. ನನಗೆ ಗೊತ್ತಿದೆ, ನನ್ನ ಹತ್ತಿರವೇ ಇರಲಿ.

ಕತ್ತಲಾಗುವ ಮೊದಲು ಖಾನಾಪುರದ ಟೆಂಪೋ ಹತ್ತಿದೆ. ಬಾಜೂಕ ಕೂತಿದ್ದ ಹೆಣ್ಣುಮಗಳು ನನ್ನ ಮುಖ ನೋಡಿ, "ಗುಂಜ್ಯಾಗ ನಿಮ್ಮ ಮಂದಿ ಯಾರದಾರ್ರೀ ಅಜ್ಜಾರ?" ಎಂದು ಕೇಳಿದಳು.

"ಯಾರೂ ಇಲ್ಲವ್ವಾ" ಅಂದೆ.

ಈ ಒಂದು ಸುಳ್ಳನ್ನು ಹೊಟ್ಟೆಗೆ ಹಾಕಿಕೊಳ್ಳಿ.

ಕಲಂದರ